ಹೊರಕಡಿ ಎಂದರೆ ಹೊರಗಲ್ಲ

ಸಿಂಗಪುರದ ಬಸ್ಸಿನಲ್ಲಿ ಒಮ್ಮೆ ಕೆಮ್ಮಿದೆ, ಅಷ್ಟೇ. ಪಕ್ಕದವಳು ಎದ್ದಳು, ಹಿಂದಿನವರು ಎದ್ದರು, ಅರ್ಧ ಬಸ್ಸು ಡ್ರೈವರನ ಬೆನ್ನ ಹಿಂದೆ ಹೋಗಿ ನಿಂತಿತು. ನಮ್ಮೂರ ಕಡೆಯ ಸಿಂದಗಿ ಬಸ್ಸಿನಲ್ಲಿ ಕೆಮ್ಮಿದ್ದರೆ ಒಬ್ಬರು ಅಜವಾನ ಜಗಿ ಎನ್ನುತ್ತಿದ್ದರು, ಇನ್ನೊಬ್ಬರು ತಮ್ಮ ಅತ್ತೆಯ ಕೆಮ್ಮಿನ ಕಥೆ ತೆಗೆಯುತ್ತಿದ್ದರು. ಅದು 2003, ಸಾರ್ಸ್ ಎಂಬ ಹೊಸ ಜ್ವರದ ವರ್ಷ.

ನಾನು ಗೊಳಸಂಗಿಯವಳು, ಇಲ್ಲಿನ ಆಸ್ಪತ್ರೆಯೊಂದರಲ್ಲಿ ನರ್ಸ್. ಬಾಡಿಗೆಗಿದ್ದ ಮನೆಯ ತಮಿಳು ಅಮ್ಮ ನನ್ನ ಯೂನಿಫಾರ್ಮ್ ನೋಡಿದಾಗಲೆಲ್ಲ ಹೆದರತೊಡಗಿ, ಕೊನೆಗೆ "ಬೇರೆ ರೂಮು ನೋಡಿಕೋ ಲಾ" ಎಂದರು. ಮಾತಿನ ತುದಿಗೆ ಇವರು ಅಂಟಿಸುವ ಈ 'ಲಾ' ನಮ್ಮ 'ರಿ' ಇದ್ದಂತೆ, ಕಹಿ ಮಾತನ್ನೂ ಕೊಂಚ ಮೆತ್ತಗಾಗಿಸುತ್ತದೆ. ಪೆಟ್ಟಿಗೆ ಎತ್ತಿಕೊಂಡು ಆಸ್ಪತ್ರೆಯ ಹಾಸ್ಟೆಲ್ ಸೇರಿದೆ. ನೀರಿಗಿಳಿದ ಮೇಲೆ ಚಳಿಯೇನು, ಮಳೆಯೇನು.

ಒಂದು ಬೆಳಿಗ್ಗೆ ನನ್ನನ್ನು ಸಾರ್ಸ್ ರೋಗಿಗಳ ಪ್ರತ್ಯೇಕ ವಾರ್ಡಿಗೆ ಕರೆಸಿದರು. ಹಡಗುಕಟ್ಟೆಯಲ್ಲಿ ವೆಲ್ಡಿಂಗ್ ಮಾಡುವ ಕನ್ನಡದ ರೋಗಿಯೊಬ್ಬ ಪದೇ ಪದೇ ಓಡಿಹೋಗಲು ನೋಡುತ್ತಿದ್ದಾನಂತೆ. ನಮ್ಮ ಆಸ್ಪತ್ರೆಯಲ್ಲೇ ಇದ್ದ, ಮೈಸೂರು ಕಡೆಯ ಡಾಕ್ಟರ್ ಸುಧಾ ಅವನ ಮಾತನ್ನು ಫೋನಿನಲ್ಲಿ ಕೇಳಿ, "ಹೊರಗೆ ಬಿಡಿ ಅಂತಿದ್ದಾನೆ" ಎಂದು ಹೇಳಿದ್ದರು. ಸೋಂಕಿನವನು ಹೊರಬಿದ್ದರೆ ಗತಿಯೇನು? ಬಾಗಿಲಿಗೆ ಕಾವಲು ಹಾಕಿದ್ದರು. ಮಂಚ ಇಳಿಯದಂತೆ ಗದರಿಸಿಯೂ ಇದ್ದರು.

ಮಾಸ್ಕು, ಗೌನು, ಕನ್ನಡಕ ಹಾಕಿಕೊಂಡು ಒಳಗೆ ಹೋದೆ. ನಮ್ಮ ಕಡೆಯದೇ ಊರು ಹೊರ್ತಿಯ ಮಲ್ಲಪ್ಪ. ತುಟಿ ಒಣಗಿ ಬಿರಿದಿತ್ತು.

"ಅಣ್ಣಾ, ಎಲ್ಲಿಗೆ ಹೊಂಟೀರಿ?"

ನಮ್ಮ ಮಾತು ಕೇಳಿ ಅವನ ಕಣ್ಣು ತುಂಬಿತು. "ಅಕ್ಕಾರ, ಎಲ್ಲಿಗೂ ಇಲ್ರಿ. ಹೊರಕಡಿ ಹೋಗಬೇಕಾಗೇತ್ರಿ. ಬಿಡವಲ್ರು. ಅದಕ್ಕ ನಿನ್ನಿಯಿಂದ ನೀರ ಕುಡಿಯೂದು ಬಿಟ್ಟೇನ್ರಿ."

ನಮ್ಮ ಕಡೆ ಹೊರಕಡಿಗೆ ಹೋಗುವುದೆಂದರೆ ಸಂಡಾಸಿಗೆ ಹೋಗುವುದು. ಹೆಂಗಸರ ಮುಂದೆ ಸಂಡಾಸ ಎನ್ನಲು ನಾಚಿದ ಮನುಷ್ಯ ಮರ್ಯಾದೆಯ ಮಾತು ಆಡಿದ್ದ. ಆ ಮರ್ಯಾದೆಯೇ ಅವನ ಜೀವಕ್ಕೆ ಕುತ್ತಾಗಿತ್ತು. ಕಾವಲು ಹಾಕುವ ಮೊದಲೇ ಭೇದಿ ಹತ್ತಿದ್ದು ಯಾರಿಗೂ ಗೊತ್ತಾಗದೆ, ಮೇಲೆ ಕುಡಿಯುವುದನ್ನೂ ಬಿಟ್ಟು ಮೈಯ ನೀರೆಲ್ಲ ಬತ್ತಿತ್ತು.

ಸಲೈನ್ ಏರಿಸಿದೆವು. ಮಲವನ್ನು ಪರೀಕ್ಷೆಗೆ ಕಳಿಸಿದರೆ ಅದರಲ್ಲೂ ವೈರಸ್ ಸಿಕ್ಕಿತು. ಹಿರಿಯ ಡಾಕ್ಟರು ನಮಗೆಲ್ಲ ವಿವರಿಸಿದರು: ವೈರಸ್ ಕಂಡಕಂಡ ಅಂಗಕ್ಕೆಲ್ಲ ನುಗ್ಗುವುದಿಲ್ಲ, ತನಗೆ ಹಿಡಿ ಸಿಗುವ ಜೀವಕೋಶಗಳನ್ನೇ ಹುಡುಕಿ ಒಳಹೊಗುತ್ತದೆ, ಇದಕ್ಕೆ ಶ್ವಾಸಕೋಶದಂತೆ ಕರುಳಿನ ಒಳಪದರವೂ ಒಗ್ಗುತ್ತದೆ. ಅಂದಿನಿಂದ ಕೆಮ್ಮಿನ ಜೊತೆಗೆ ಹೊಟ್ಟೆಯನ್ನೂ ವಿಚಾರಿಸತೊಡಗಿದೆವು. ಕಕ್ಕಸು ತೊಳೆಯುವವರಿಗೂ ನಮ್ಮಷ್ಟೇ ರಕ್ಷಣೆಯ ಬಟ್ಟೆ ಕೊಡಲಾಯಿತು.

ಸಾರ್ಸಿಗೆಂದೇ ಇರುವ ಔಷಧಿ ಆಗ ಇರಲಿಲ್ಲ. ವೈರಸ್ಸಿಗೆಂದು ಒಂದು ಹಳೆಯ ಮಾತ್ರೆ, ಉರಿಯೂತಕ್ಕೆ ಸ್ಟೆರಾಯ್ಡ್. ಗುಣವಾಗುತ್ತದೆ ಎಂದು ಯಾರೂ ಎದೆ ತಟ್ಟಿ ಹೇಳಲಿಲ್ಲ. ಮಲ್ಲಪ್ಪನ ಉಸಿರು ಕೆಟ್ಟು, ಕೊಳವೆ ಹಾಕಿ ಯಂತ್ರಕ್ಕೆ ಜೋಡಿಸಬೇಕಾಯಿತು. ಸುಧಾ ಡಾಕ್ಟರು ದಿನಾ ಗಾಜಿನಾಚೆ ಬಂದು ನಿಲ್ಲುತ್ತಿದ್ದರು. "ಅದೂ ಕನ್ನಡವೇ ಅಲ್ಲವೇನ್ರೀ, ನನಗೆ ಹೊಳೀಲೇ ಇಲ್ಲವಲ್ಲ" ಎಂದು ಹಲುಬುತ್ತಿದ್ದರು. ಇವನನ್ನು ಬಿಟ್ಟುಕೊಡಬಾರದೆಂಬ ಹಟ ನಮ್ಮಿಬ್ಬರಿಗೂ ಹಿಡಿದಿತ್ತು. ಹೊರಳಿಸಿ ಮಲಗಿಸಿದೆವು, ಕಫ ತೆಗೆದೆವು, ಕಾದೆವು. ಕೊಳವೆ ತೆಗೆದ ಮೇಲೆ ಅವನು ಮೊದಲು ಕೇಳಿದ್ದು ಖಾರಬ್ಯಾಳಿ, ನಮ್ಮ ಕಡೆಯ ಖಾರದ ಬೇಳೆಸಾರು. ಕೊಟ್ಟದ್ದು ಗಂಜಿ. ಮುಖ ಸಿಂಡರಿಸಿ ಕುಡಿದ.

ಪೂರ್ತಿ ಗುಣವಾಗಿ, ಸೋಂಕಿಲ್ಲವೆಂದು ಖಚಿತವಾದ ಮೇಲೆ ಅವನು ಊರಿಗೆ ಹೊರಟ. ನನಗೂ ರಜೆ ಸಿಕ್ಕಿತು. ಮನೆಗೆ ಫೋನ್ ಮಾಡಿದರೆ ಅಣ್ಣ ತಡವರಿಸಿದ.

"ತಂಗಿ, ಸಿಟ್ಟಾಗಬ್ಯಾಡ. ಓಣಿ ಮಂದಿ ಅಂಜಾಕತ್ಯಾರ. ನೀ ಅದss ರೋಗದ ದವಾಖಾನ್ಯಾಗ ಅದಿ ಅಂತ ಎಲ್ಲಾರಿಗೂ ಗೊತ್ತೈತಿ. ಸ್ವಲ್ಪ ದಿನ ತಡದು ಬಾ."

ಬಾಡಿಗೆ ಮನೆಯವರು ಹೊರಹಾಕಿದಾಗ ಬಾರದ ಅಳು ಅವತ್ತು ಬಂತು. ರಜೆ ರದ್ದು ಮಾಡಿಸಿ ವಾರ್ಡಿಗೆ ಮರಳಿದೆ. ಕೆಲ ದಿನಗಳ ಮೇಲೆ ಹೊರ್ತಿಯಿಂದ ಮಲ್ಲಪ್ಪ ಫೋನ್ ಮಾಡಿದ.

"ಅಕ್ಕಾರ, ನಾ ಅರಾಮ ಅದೀನ್ರಿ. ಇಲ್ಲಿ ಟೈಫಾಯ್ಡ್ ಆಗಿತ್ತಂತ ಹೇಳೇನ್ರಿ. ದಿನಾ ಒಬ್ಬೊಬ್ರು ಊಟಕ್ಕ ಕರ್ಯಾಕತ್ಯಾರ. ನೀವು ಊರಿಗೆ ಯಾವಾಗ ಬರ್ತೀರಿ?"

"ಇಲ್ಲಿ ಇನ್ನೂ ಮಂದಿ ಮಲಗ್ಯಾರ, ಮಲ್ಲಣ್ಣ" ಎಂದೆ. ಅದು ಸುಳ್ಳಾಗಿರಲಿಲ್ಲ. ಆದರೆ ಅವನು ಕೇಳಿದ್ದಕ್ಕೆ ಅದು ಉತ್ತರವೂ ಆಗಿರಲಿಲ್ಲ.