ನೀರಿನ ಮುಂದೆ ನಿಂತು ಕಲಿತ ಪೂಜೆ

ಲಾಂಚು ನಡುನೀರಿಗೆ ಬಂದಾಗ ನನ್ನ ಪಕ್ಕ ನಿಂತಿದ್ದ ಮುದುಕರು ಚಪ್ಪಲಿ ಬಿಟ್ಟರು. ನೀರಿನ ಕಡೆ ತಿರುಗಿ ಕಣ್ಣು ಮುಚ್ಚಿ ಕೈಮುಗಿದರು. ನಾನು ಸುತ್ತ ನೋಡಿದೆ. ಗುಡಿಯಿಲ್ಲ, ಮರವಿಲ್ಲ, ಕಲ್ಲಿಲ್ಲ. ನಾಲ್ಕೂ ಕಡೆ ಬರೀ ನೀರು.

"ಯಾರಿಗೆ ಕೈಮುಗದ್ರಿ ಅಜ್ಜಾರ?" ಎಂದು ಕೇಳಿದೆ.

"ಕೆಳಗೆ ನಮ್ಮೂರ ದೇವಸ್ಥಾನ ಐತಲ್ಲ ತಾಯಿ," ಎಂದು ಹೇಳಿ ಚಪ್ಪಲಿ ಮೆಟ್ಟಿಕೊಂಡರು.

ಎಪ್ಪತ್ತರ ದಶಕದ ನಡುವಿನ ಮಾತು. ವಿಜಾಪುರ ಸೀಮೆಯ ನನಗೆ ಸಾಗರ ತಾಲೂಕಿನ ಬ್ಯಾಕೋಡಿನ ಹತ್ತಿರದ ಪ್ರಾಥಮಿಕ ಶಾಲೆಗೆ ನೇಮಕವಾಗಿತ್ತು. ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ, ಅವ್ವ ಕಟ್ಟಿಕೊಟ್ಟ ಜೋಳದ ಹಿಟ್ಟಿನ ಚೀಲ, ಇಷ್ಟೇ ನನ್ನ ಸಾಮಾನು. ನಮ್ಮ ಕಡೆ ನೀರು ಅಂದರೆ ಹುಡುಕಿಕೊಂಡು ಹೋಗುವಂಥದ್ದು. ಇಲ್ಲಿ ನೀರೇ ಬಂದು ಊರನ್ನು ನುಂಗಿತ್ತು. ವಿದ್ಯುತ್ತಿಗಾಗಿ ಶರಾವತಿಗೆ ಅಣೆಕಟ್ಟು ಕಟ್ಟಿದಾಗ ಹಳ್ಳಿ ಹಳ್ಳಿಗಳೇ ಒಳಗೆ ಹೋಗಿದ್ದವು. ಇಲ್ಲಿಯವರು ಅದನ್ನು 'ಮುಳುಗಡೆ' ಎನ್ನುತ್ತಾರೆ. "ಅದು ಮುಳುಗಡೆಗಿಂತ ಮುಂಚೆ," "ಇದು ಮುಳುಗಡೆ ಆದಮೇಲೆ," ಹೀಗೆ ಅವರ ಲೆಕ್ಕ.

ಹೂವಮ್ಮ ಎಂಬ ದೀವರ ಜಾತಿಯ ಹೆಂಗಸಿನ ಮನೆಗೆ ಅಂಟಿಕೊಂಡಿದ್ದ ಒಂದು ಕೋಣೆ ನನಗೆ ಸಿಕ್ಕಿತು. ಐವತ್ತರ ಆಸುಪಾಸಿನ ವಿಧವೆ. ಮಗ ರಿಪ್ಪನ್‌ಪೇಟೆಯ ಹತ್ತಿರ ಜಮೀನು ಮಾಡಿಕೊಂಡು ಅಲ್ಲೇ ಇದ್ದ. ನಾನೂ ವಿಧವೆ, ಮದುವೆಯಾದ ಎರಡನೇ ವರ್ಷಕ್ಕೇ ಗಂಡನನ್ನು ಕಳೆದುಕೊಂಡು, ತವರಿಗೆ ಮರಳಿ, ಶಿಕ್ಷಕಿಯ ತರಬೇತಿ ಮುಗಿಸಿದವಳು. ಇಷ್ಟು ತಿಳಿದ ಮೇಲೆ ಹೂವಮ್ಮ ಬೇರೇನೂ ಕೇಳಲಿಲ್ಲ.

ಮೊದಲ ತಿಂಗಳು ಭಾಷೆಯೇ ನನ್ನನ್ನು ಕಾಡಿತು. ಎರಡೂ ಕನ್ನಡವೇ, ಆದರೆ ಅವರು "ಎಂತ?" ಎಂದು ಕೇಳಿದರೆ ನನಗೆ 'ಎಂಥದು' ಎಂದು ಕೇಳಿಸಿ, ಯಾವುದರ ಬಗ್ಗೆ ಎಂದು ಯೋಚಿಸುತ್ತಿದ್ದೆ. ಅದು 'ಏನು' ಅಷ್ಟೇ. ನನ್ನ "ಯಾಕ್ರೀ" ಕೇಳಿದರೆ ಅವರಿಗೆ ಜಗಳಕ್ಕೆ ಬಂದಂತೆ. ಮಕ್ಕಳು ನನ್ನನ್ನು 'ಅಕ್ಕೋರು' ಎಂದರು. ಇಲ್ಲಿ ಶಿಕ್ಷಕಿಗೆ ಅದೇ ಹೆಸರು. ಮಳೆ ಹಿಡಿದ ಮೇಲೆ ಅವ್ವನ ಹಿಟ್ಟು ಮುಗ್ಗಿ ಹಸಿರಾಯಿತು. ಅದನ್ನು ಚೆಲ್ಲಿ ಅಳುತ್ತ ಕೂತ ದಿನ ಹೂವಮ್ಮ ಬಿಸಿ ಗಂಜಿ, ಮಿಡಿ ಉಪ್ಪಿನಕಾಯಿ ತಂದಿಟ್ಟು, "ಉಣ್ಣಿ ಅಕ್ಕೋರೆ, ಅಳಕ್ಕೂ ಶಕ್ತಿ ಬೇಕಲ್ಲ," ಎಂದರು.

ಊರಿನಿಂದ ನಾನು ತಂದದ್ದರಲ್ಲಿ ಕೆಡದೆ ಉಳಿದದ್ದು ಬೆಳಗಿನ ಲಿಂಗಪೂಜೆ ಒಂದೇ. ಏಳು ವರ್ಷದವಳಿದ್ದಾಗ ಅವ್ವ ಕಲಿಸಿದ್ದು. ಮಿಂದು, ವಿಭೂತಿ ಧರಿಸಿ, ಕೊರಳಿನ ಲಿಂಗವನ್ನು ಎಡ ಅಂಗೈಯಲ್ಲಿಟ್ಟು ನೋಡುತ್ತ ಕೂರುವುದು. "ಮನಸ್ಸು ಓಡ್ತದ, ಓಡ್ಲಿ. ನೀ ಎದ್ದು ಅದರ ಬೆನ್ನ ಹತ್ತಬ್ಯಾಡ," ಎನ್ನುತ್ತಿದ್ದಳು. ಇಲ್ಲಿಯ ಕೋಣೆಯಲ್ಲಿ ಕೂತು ಶಿವಮಂತ್ರ ಹೇಳಿಕೊಳ್ಳುವಾಗ, ನೂರಾರು ಮೈಲಿ ಆಚೆ ಅವ್ವ ಅದೇ ಹೊತ್ತಿಗೆ ಅದನ್ನೇ ಹೇಳುತ್ತಿರುತ್ತಾಳೆ ಎಂಬುದು ನನಗೆ ದೊಡ್ಡ ಧೈರ್ಯವಾಗಿತ್ತು.

ಎರಡನೆಯ ವರ್ಷದ ಆಷಾಢದಲ್ಲಿ ಗಾಳಿಮಳೆಗೆ ಮೂರು ದಿನ ಲಾಂಚು ನಿಂತಿತು. ನಾಲ್ಕನೆಯ ದಿನ ಅದರಲ್ಲಿ ಬಂದ ಅಂಚೆಯವರು ತಂತಿ ಕೊಟ್ಟರು. "ಅವ್ವ ಸೀರಿಯಸ್. ಕೂಡಲೇ ಹೊರಡು." ಬಸ್ಸು, ರೈಲು, ಮತ್ತೆ ಬಸ್ಸು. ಮನೆ ಮುಟ್ಟಿದಾಗ ತಮ್ಮ ಮಲ್ಲಪ್ಪ ಹೊಸ್ತಿಲಲ್ಲಿ ಕೂತಿದ್ದ. ಕರೆದುಕೊಂಡು ಹೋಗಿ ಹೊಲದ ಬದುವಿನಲ್ಲಿ ಹಸಿ ಮಣ್ಣಿನ ದಿಬ್ಬ ತೋರಿಸಿದ. "ಎರಡು ದಿನ ಉಸುರು ಹಿಡಕೊಂಡಿದ್ದಳು ಅಕ್ಕಾ. ಬಾಗಲಾ ಕಡೇನ ನೋಡ್ತಿದ್ದಳು," ಎಂದ.

ಬ್ಯಾಕೋಡಿಗೆ ಮರಳಿದ ಮೇಲೆ ಶಾಲೆಗೆ ಹೋದೆ, ಪಾಠ ಮಾಡಿದೆ, ಉಂಡೆ. ಪೂಜೆ ಮಾತ್ರ ಆಗಲಿಲ್ಲ. ಲಿಂಗ ಕೊರಳಲ್ಲಿತ್ತು, ಬಿಚ್ಚಿ ಕೈಗೆ ತೆಗೆದುಕೊಳ್ಳಲು ಮನಸ್ಸು ಬರಲಿಲ್ಲ. ಬಾಗಿಲು ನೋಡುತ್ತ ಹೋದವಳ ಮುಂದೆ ನಾನಿರಲಿಲ್ಲ. ಇನ್ನು ದೇವರ ಮುಂದೆ ಕೂತು ಏನು ಮಾಡಲಿ ಎನ್ನಿಸುತ್ತಿತ್ತು.

ಹೀಗೆ ಎರಡು ತಿಂಗಳು ಕಳೆದಿರಬೇಕು. ಒಂದು ಬೆಳಿಗ್ಗೆ ಹೂವಮ್ಮ ಬಾಗಿಲು ತಟ್ಟಿದರು.

"ಅಕ್ಕೋರೆ, ನೀವು ಮಂತ್ರ ಹೇಳ್ಕಳ್ಳದು ನಂಗೆ ಗೋಡೆ ಆಚೆ ಕೇಳ್ತಿತ್ತು. ಅದು ನಿಂತುಹೋತು."

ನನ್ನ ಕೈ ಕೊರಳಿನ ಲಿಂಗದ ಮೇಲೆ ಹೋಯಿತು.

"ಬನ್ನಿ, ನನ್ನ ಜೊತಿಗೆ. ಎಂತದೂ ಹೇಳದು ಬ್ಯಾಡ. ನಡೀರಿ, ಸಾಕು."

ಮನೆಯ ಹಿಂದಿನ ಬ್ಯಾಣ ಇಳಿದೆವು. ಬ್ಯಾಣವೆಂದರೆ ಹುಲ್ಲು ಬೆಳೆಯುವ ಬೋಳುಗುಡ್ಡ. ಕೆಳಗೆ ಹಿನ್ನೀರು, ಅದರ ಮೇಲೆ ತೆಳ್ಳಗೆ ಮಂಜು. ಹೂವಮ್ಮ ಮುತ್ತುಗದ ಎಲೆಯ ಮೇಲೆ ಎರಡು ದಾಸವಾಳ ಇಟ್ಟು ನೀರಿಗೆ ಬಿಟ್ಟರು. ಆಮೇಲೆ ನಿಂತರು. ಕಣ್ಣು ಮುಚ್ಚಲಿಲ್ಲ, ತುಟಿ ಅಲ್ಲಾಡಲಿಲ್ಲ. ದಡದ ಒಣಮರದ ಮೇಲೆ ನೀರುಕಾಗೆಯೊಂದು ರೆಕ್ಕೆ ಬಿಚ್ಚಿ ಬಿಸಿಲಿಗಾಗಿ ಕಾಯುತ್ತಿತ್ತು. ಮಂಜು ಕರಗಿ ಆಚೆ ದಡ ಕಾಣುವವರೆಗೆ ನಿಂತು ತಿರುಗಿದರು.

ದಾರಿಯಲ್ಲಿ ಕೇಳಿದೆ. "ಏನ್ ಬೇಡ್ಕೊಂಡ್ರಿ ಹೂವಮ್ಮಾ?"

"ಬೇಡದು ಎಂತ ಅಕ್ಕೋರೆ? ಬಂದೀನಿ ಅಂತ ಹೇಳದು, ಅಷ್ಟೇಯ." ಸ್ವಲ್ಪ ದೂರ ನಡೆದು ತಾವೇ ಹೇಳಿದರು. "ನಮ್ಮನೆ ಹಿತ್ಲಲ್ಲಿ, ನೇರಳೆ ಮರದ ಬುಡದಲ್ಲಿ ನನ್ನ ಮಗಳು ಐತೆ. ಹತ್ತು ತಿಂಗಳ ಕೂಸು, ಜ್ವರ ಬಂದು ಹೋತು. ಮಾರನೇ ವರ್ಷ ನೀರು ಬಂತು. ಮನೆ ಬಾಗ್ಲು, ತೊಲೆ, ಹಂಚು ಎಲ್ಲ ಕಿತ್ತು ತಂದ್ವಿ. ಅವಳನ್ನ ಎಂಗೆ ತರದು?"

ಅಂದಿನಿಂದ ನಾನು ದಿನವೂ ಅವರೊಂದಿಗೆ ಹೋದೆ. ಮೊದಮೊದಲು ಬರೀ ನಿಲ್ಲುತ್ತಿದ್ದೆ. ನೋಡುವುದು ನಿಧಾನವಾಗಿ ಬಂತು. ನೀರು ದಿನಕ್ಕೊಂದು ಬಣ್ಣ, ಗಾಳಿ ತಿರುಗುವ ಮುಂಚೆ ಹುಲ್ಲಿನ ಸಣ್ಣ ಸದ್ದು, ಹೂವಮ್ಮನ ಉಸಿರು. ಮನಸ್ಸು ತಂತಿಯ ಕಡೆ, ಹೊಲದ ಬದುವಿನ ಕಡೆ ಓಡುತ್ತಿತ್ತು. ನಾನು ಮಾತ್ರ ನಿಂತೇ ಇರುತ್ತಿದ್ದೆ. ಒಂದು ದಿನ ನನಗೇ ತಿಳಿಯದೆ ಲಿಂಗವನ್ನು ಬಿಚ್ಚಿ ಅಂಗೈಯಲ್ಲಿ ಹಿಡಿದಿದ್ದೆ. ಅಳು ಬಂತು. ಹೂವಮ್ಮ ತಿರುಗಿ ನೋಡಲಿಲ್ಲ, ಒಂದು ಹೆಜ್ಜೆ ಹತ್ತಿರ ಬಂದು ನಿಂತರು.

ಮಳೆ ಕೈಕೊಟ್ಟ ಒಂದು ವರ್ಷ, ಬೇಸಿಗೆಯಲ್ಲಿ ನೀರು ಹಿಂದೆಂದೂ ಇಳಿಯದಷ್ಟು ಇಳಿಯಿತು. ಬಿರಿದ ಕೆಸರಿನ ಮೇಲೆ ಸತ್ತ ಮರಗಳ ಬುಡಗಳು ಎದ್ದವು. "ನಾನು ಹೋಗಿ ನಮ್ಮನೆ ಜಾಗ ನೋಡ್ಬೇಕು," ಎಂದು ಹೂವಮ್ಮ ಹಟ ಹಿಡಿದರು. ಬೆಳಿಗ್ಗೆಯೇ ಹೊರಟು, ಕೈ ಹಿಡಿದುಕೊಂಡು ನಡೆದೆವು. ದಿನವೂ ಅವರು ಮುಖ ಮಾಡಿ ನಿಲ್ಲುತ್ತಿದ್ದ ದಿಕ್ಕಿನಲ್ಲಿ ಏನೂ ಸಿಗಲಿಲ್ಲ. ಬರೀ ಹೂಳು. ಹೂವಮ್ಮನ ಮುಖ ಬಿಳಿಚಿತು. ಬಹಳ ಹೊತ್ತು ಅಲೆದ ಮೇಲೆ, ಎಡಗಡೆ ಇನ್ನೊಂದು ದಿಬ್ಬದ ಮರೆಯಲ್ಲಿ ಜಂಬಿಟ್ಟಿಗೆ ಕಲ್ಲಿನ ಅಡಿಪಾಯ ಕಂಡಿತು. ನಡುವೆ ನೆಲದಲ್ಲಿ ಹುಗಿದ ಒರಳು, ಅದರ ಅಂಚಿನಲ್ಲಿ ಮುಕ್ಕು. ಹೂವಮ್ಮ ಕುಕ್ಕರಿಸಿ ಆ ಮುಕ್ಕಿನ ಮೇಲೆ ಬೆರಳಾಡಿಸಿದರು.

"ನಮ್ಮದೇಯ. ನಾನೇ ಒಡೆದಿದ್ದು, ಮದಿವೆ ಆಗಿ ಬಂದ ಹೊಸತರಲ್ಲಿ."

ಹಿಂಬದಿಯಲ್ಲಿ, ಹಿತ್ತಲಿದ್ದ ಕಡೆ, ನೇರಳೆ ಮರದ ಕರ್ರಗಿನ ಬುಡ ಇತ್ತು. ಅಲ್ಲಿ ಕೂತು ಹೂವಮ್ಮ ನಾವು ಬಂದ ದಡದ ಕಡೆ ನೋಡಿದರು. ನಾವು ದಿನವೂ ನಿಲ್ಲುವ ಜಾಗ ಅಲ್ಲಿಂದ ಕಾಣುತ್ತಲೇ ಇರಲಿಲ್ಲ.

"ಇಷ್ಟು ವರ್ಷ ಬೇರೆ ಕಡೆ ನೋಡ್ತಾ ನಿಂತಿದ್ದೆ ಅಕ್ಕೋರೆ," ಎಂದರು. "ಅವಳಿಗೆ ಬೆನ್ನು ಹಾಕಿ ನಿಂತಿದ್ದೆ." ಆಮೇಲೆ ಅವರು ಅತ್ತದ್ದನ್ನು ನಾನು ಬರೆಯಲಾರೆ.

ಮರುದಿನ ಅವರು ಏಳಲಾರರು ಎಂದುಕೊಂಡಿದ್ದೆ. ಹೊತ್ತು ಮೂಡುವ ಮುಂಚೆ ಬಾಗಿಲು ತಟ್ಟಿದ ಸದ್ದಾಯಿತು. ಅದೇ ಬ್ಯಾಣ, ಅದೇ ಜಾಗ.

"ದಿಕ್ಕು ತಪ್ಪಿತ್ತು, ಹೌದು," ಎಂದರು. "ನಾನು ಬಂದಿದ್ದು ಸುಳ್ಳಲ್ವಲ್ಲ."

ಆ ಮಾತನ್ನು ಕೇಳಿದ ದಿನ ನಾನು ಕೋಣೆಗೆ ಬಂದು, ತಡವಾಗಿ ಮುಟ್ಟಿದ ಮಗಳನ್ನು ಅವ್ವ ಕ್ಷಮಿಸಿರಬಹುದು ಎಂದು ಮೊದಲ ಸಲ ಅಂದುಕೊಂಡೆ.

ಎಂಬತ್ತರ ದಶಕ ಬರುವಷ್ಟರಲ್ಲಿ ಹೂವಮ್ಮನ ಕಣ್ಣು ಮಂಜಾಯಿತು. ಮಗ ಬಂದು ರಿಪ್ಪನ್‌ಪೇಟೆಗೆ ಹೊರಡಿಸಿದ. ಬಸ್ಸು ಹತ್ತುವ ಮುಂಚೆ ನನ್ನ ಕೈ ಹಿಡಿದು, "ನೀವು ಇಲ್ಲಿರೋ ತನಕ ದಿನಾ ಒಂದು ಗಳಿಗೆ ನೀರಿನ ಮುಂದೆ ನಿಂತ್ಕಳಿ ಅಕ್ಕೋರೆ. ಇಲ್ಲೇ ಇದ್ರೆ ಅಷ್ಟೇಯ. ಒತ್ತಾಯ ಇಲ್ಲ," ಎಂದರು. ನಾನು ವರ್ಷಗಳ ಹಿಂದೆ ಹಾಕಿದ್ದ ಅರ್ಜಿಗೆ ಉತ್ತರವಾಗಿ ತವರು ತಾಲೂಕಿಗೆ ವರ್ಗಾವಣೆಯ ಆದೇಶ ಬಂದದ್ದು ಅದೇ ಬೇಸಿಗೆಯಲ್ಲಿ. ಅದನ್ನು ಒಂದು ವಾರ ಟ್ರಂಕಿನಲ್ಲಿಟ್ಟುಕೊಂಡೆ. ಆಮೇಲೆ ಬೇಡವೆಂದು ಬರೆದು ಕೊಟ್ಟೆ. ಕಾರಣದ ಜಾಗದಲ್ಲಿ ಏನು ಬರೆಯಬೇಕೋ ತಿಳಿಯದೆ 'ಸ್ವಂತ ಕಾರಣ' ಎಂದು ಬರೆದೆ.

ಎರಡು ವರ್ಷದ ಮೇಲೆ ಹೂವಮ್ಮ ತೀರಿಕೊಂಡ ಸುದ್ದಿ ಬಂತು. ಈ ಸಲವೂ ನಾನು ಮುಖ ನೋಡಲಿಲ್ಲ. ಕಾಗದ ಕೈಸೇರುವಾಗ ಎಲ್ಲ ಮುಗಿದಿತ್ತು. ಮರುದಿನ ಬೆಳಿಗ್ಗೆ ದಡಕ್ಕೆ ಹೋಗಿ, ಆ ದಿಬ್ಬ ಇರುವ ಎಡಗಡೆಗೆ ತಿರುಗಿ, ಮೊದಲ ಬಾರಿಗೆ ಬಾಯಿಬಿಟ್ಟು ಹೇಳಿದೆ. "ಕೂಸೇ, ನಿಮ್ಮವ್ವ ಹೋದ್ರು." ನನ್ನ ದನಿ ನನಗೇ ಪರಕೀಯವೆನಿಸಿತು. ಅರ್ಧ ನಮ್ಮ ಸೀಮೆಯದು, ಅರ್ಧ ಈ ಕಡೆಯದು.

ಕಳೆದ ಸೂಟಿಯಲ್ಲಿ ತವರಿಗೆ ಹೋಗಿದ್ದೆ. ಅವ್ವನ ಸಮಾಧಿಯ ಮುಂದೆ ದಿನವೂ ಹೋಗಿ ನಿಂತೆ. ಎಂಟನೆಯ ದಿನದ ಹೊತ್ತಿಗೆ, ಅಲ್ಲಿ ನೀರಿನ ಮುಂದೆ ಈಗ ಯಾರೂ ಇರುವುದಿಲ್ಲ ಎಂದು ಜೀವ ಚಡಪಡಿಸತೊಡಗಿತು. ಬ್ಯಾಕೋಡಿಗೆ ಬಂದರೆ, ಹೊಲದ ಬದುವಿನಲ್ಲಿ ಅವ್ವ ಒಬ್ಬಳೇ ಇದ್ದಾಳೆ ಎಂದು ಇದೇ ಚಡಪಡಿಕೆ.

ಹೊರಡುವ ದಿನ ಮಲ್ಲಪ್ಪ ಚೀಲ ಹೊತ್ತು ಬಸ್ಸಿನವರೆಗೆ ಬಂದ.

"ಊರಿಗೆ ಹೋಗಿ ಕಾಗದ ಹಾಕ್ತೀನಿ ತಮ್ಮಾ," ಎಂದೆ.

ಅವನು ಚೀಲ ಕೆಳಗಿಟ್ಟು ನನ್ನ ಮುಖ ನೋಡಿದ. "ಯಾವ ಊರಿಗೆ ಅಕ್ಕಾ? ಇದ ಅಲ್ಲೇನು ನಿನ್ನ ಊರು?"

ನಾನು ಅವನ ತಲೆ ಸವರಿದೆ. ಬಸ್ಸು ಹೊರಟ ಮೇಲೂ ಅವನು ಧೂಳಿನಲ್ಲಿ ಹಾಗೆಯೇ ನಿಂತಿದ್ದ.