ದೇವರ ಗುಡ್ಡದ ಸೌದೆ

1994, ಮಾರ್ಚ್ ತಿಂಗಳ ಒಂದು ಭಾನುವಾರ, ಬೆಳಗ್ಗೆ ಹತ್ತು ಗಂಟೆ, ಕ್ಯಾತನಹಳ್ಳಿಯಲ್ಲಿ ನಮ್ಮ ಮಾವನ ಕಣ. ಅಲ್ಲಿದ್ದವರು ಮಾವ, ಪೂಜಾರಿ ಬೋರೇಗೌಡರು, ಸೌದೆ ಹೊರುವ ಕೆಂಪಮ್ಮ, ನನ್ನ ಷಡ್ಡಕ ಶಿವಣ್ಣ — ಮತ್ತು ನಾನು. ಅಂದು ನಾನು ಸುಳ್ಳು ಹೇಳಿದೆ. ಶಿವಣ್ಣ, ಇದನ್ನು ನಿನಗೇ ಹೇಳುತ್ತಿದ್ದೇನೆ.

ನೀನು ಕಾಲೇಜು ಮೇಷ್ಟ್ರು. ಕಾಡಿನಲ್ಲಿ ಸುಮ್ಮನೆ ಕೊಳೆಯುವ ಲಂಟಾನ, ಪುಳ್ಳೆ, ತರಗನ್ನು ಮುಚ್ಚಿದ ಒಲೆಯಲ್ಲಿ ಕಾಯಿಸಿ, ಹಬೆ ಹಾಯಿಸಿ, ಜಲಜನಕ ತೆಗೆಯುತ್ತಿದ್ದೆ. ಹೊಗೆಯಿಲ್ಲದ ಆ ಅನಿಲದಿಂದ ಊರಿನ ಪಂಪು ಓಡಿಸುವುದು ನಿನ್ನ ಆಸೆ. ನಾನು ಸಕ್ಕರೆ ಕಾರ್ಖಾನೆಯ ಬಾಯ್ಲರಿನ ಮುಂದೆ ಪಾಳಿ ತಪ್ಪದೆ ಜೀವ ಸವೆಸಿದವನು. ಹಬೆಯ ಕೆಲಸ ನಿನಗೆ ಕಲಿಸಿದವನೂ ನಾನೇ. ಆದರೂ ಮಾವ ಊಟಕ್ಕೆ ನಿನ್ನನ್ನೇ ಪಕ್ಕದಲ್ಲಿ ಕೂರಿಸಿಕೊಳ್ಳುತ್ತಿದ್ದರು. ಒಮ್ಮೆ ನನಗೆ, "ನೀನು ಬೆಂಕಿ ಕಾದೆ ಕಣಪ್ಪಾ, ಇವ್ನು ಪಳಗಿಸ್ಬುಟ್ಟ" ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ, ಎಲೆ ಮಡಚಿ ಎದ್ದೆ.

ದೇವರ ಗುಡ್ಡದ ಒಣಕಡ್ಡಿ ಅಮ್ಮನ ಗುಡಿಯ ಒಲೆಗಲ್ಲದೆ ಬೇರೆಲ್ಲೂ ಉರಿಯಬಾರದು. ಇದು ನಮ್ಮೂರ ಕಟ್ಟು. ಅಂದು ನೀನು ಕಣದಲ್ಲಿ ಹೂಡಿದ್ದ ಒಲೆಗೆ ಬೆಂಕಿ ಇಡುವ ಮುನ್ನ ಬೋರೇಗೌಡರು ನನ್ನ ಕಡೆ ತಿರುಗಿದರು. ಹಿಂದಿನ ದಿನ ಸೌದೆಗಾಡಿಯ ಜೊತೆ ಹೋಗಿದ್ದವನು ನಾನು.

"ಗುಡ್ಡದ್ ಸೌದೆ ಸೇರಿಲ್ಲ ತಾನೆ?"

ಸೇರಿರಲಿಲ್ಲ. ಒಂದು ಕಡ್ಡಿಯೂ — ನಾನೇ ನಿಂತು ನೋಡಿದ್ದೆ.

"ಸೇರಿರ್ಬೋದು ಕಣಣ್ಣ. ಕೆಂಪಮ್ಮ ಆ ಕಡೀಕೂ ಹೋಗಿದ್ಲು."

ಕೆಂಪಮ್ಮ ನನ್ನ ಮುಖವನ್ನೇ ನೋಡಿದಳು. "ನೀವೇ ಜೊತೇಲಿದ್ರಲ್ಲ ಸ್ವಾಮಿ..." ಒಲೆ ಹಚ್ಚುವುದು ಅಲ್ಲಿಗೇ ನಿಂತಿತು.

ಮಾಡದ ತಪ್ಪಿಗೆ ಅವಳು ಗುಡಿಯ ಮುಂದೆ ಅಡ್ಡಬಿದ್ದಳು. ಆಮೇಲೆ ನಿನ್ನ ಒಲೆಗೆ ಯಾರೂ ಒಂದು ಹೊರೆ ತರಲಿಲ್ಲ. ಬೇಸಿಗೆ ಮುಗಿಯುವುದರೊಳಗೆ ನೀನು ಎಲ್ಲವನ್ನೂ ಬಿಚ್ಚಿ, ವರ್ಗ ಕೇಳಿಕೊಂಡು ನಾಗಮಂಗಲಕ್ಕೆ ಹೊರಟುಹೋದೆ. ಮಾವನ ಪಕ್ಕದ ಎಲೆ ನನಗೆ ಸಿಕ್ಕಿತು. ಅಲ್ಲಿ ಕುಳಿತೂ ನಾನು ನಿನ್ನನ್ನು ನೆನೆದು ಕರುಬಿದೆ — ಅವರು ಊಟದುದ್ದಕ್ಕೂ ನಿನ್ನ ಸುದ್ದಿಯನ್ನೇ ವಿಚಾರಿಸುತ್ತಿದ್ದರು.

ಕೆಂಪಮ್ಮನಿಗೆ ಹೋದ ವಾರ ಅದೇ ಗುಡಿಯ ಮುಂದೆ, ನಾಲ್ಕು ಜನರೆದುರು ನಿಜ ಹೇಳಿದೆ. "ಗೊತ್ತಿತ್ತು ಬುಡಿ. ಅವತ್ತು ಯೋಳ್ಬೇಕಿತ್ತು" ಎಂದಳು, ಅಷ್ಟೆ. ಉಳಿದವನು ನೀನು.

ನಾನು ಸುಳ್ಳು ಹೇಳಿದ ದಿನದ ಸಂಜೆ ನಿನಗೆ ನೆನಪಿದೆಯೋ ಇಲ್ಲವೋ. ಎಲ್ಲರೂ ಹೋದ ಮೇಲೆ ನೀನು ನನ್ನ ಕೈ ಹಿಡಿದುಕೊಂಡು, "ನೀವಾದ್ರೂ ನಿಜ ಯೋಳಿದ್ರಿ ಭಾವ, ಇಲ್ದಿದ್ರೆ ಉರಿಸ್ಬುಡ್ತಿದ್ದೆ" ಎಂದೆ. ಆಗಲಾದರೂ ಬಾಯಿ ತೆರೆಯಬಹುದಿತ್ತು. ಕೈ ಬಿಡಿಸಿಕೊಂಡೆ. ನಾನೇ ಆ ಲಂಟಾನವನ್ನೆಲ್ಲ ದೇವರ ಸೌದೆಯೆಂದು ಗಾಡಿಗೆ ತುಂಬಿ ಗುಡಿಗೆ ಮುಟ್ಟಿಸಿ ಬಂದು, ಕಣವನ್ನು ಒಪ್ಪವಾಗಿ ಗುಡಿಸಿದೆ.