ಸೀಟಿನ ಕೆಳಗಿದ್ದ ಸ್ವಿಚ್ಚು

ಹೋದ ವಾರ ಅಪ್ಪನ ಅಂಬಾಸಿಡರ್ ಕಾರಿನ ಬಾನೆಟ್ ಎತ್ತಿದಾಗ ಸುಟ್ಟ ವೈರಿನ ವಾಸನೆ ಮೂಗಿಗೆ ಬಡಿಯಿತು. ಇಲಿಗಳು ಕಡಿದು, ಬರಿ ತಂತಿಗಳು ಒಂದಕ್ಕೊಂದು ತಾಗಿ ಹೊಗೆ ಬಂದಿತ್ತು. ಈ ಇಲಿಗಳಿಗೆ ಜಯನಗರದಲ್ಲಿ ಬೇರೇನೂ ಸಿಗಲಿಲ್ಲವೇ! ಗಿರಿನಗರದಿಂದ ಬಂದ ಮೆಕ್ಯಾನಿಕ್ ಎಲ್ಲ ವೈರನ್ನೂ ಬದಲಿಸಬೇಕೆಂದ. ನನಗೆ ಸುದ್ದಗುಂಟೆಪಾಳ್ಯದ ಎಲೆಕ್ಟ್ರಿಷಿಯನ್ ನೆನಪಾದರು...

ವರ್ಷಗಳ ಹಿಂದೆ ಇದೇ ಕಾರಿಗೆ ಅವರು ಹೊಸದಾಗಿ ವೈರಿಂಗ್ ಮಾಡಿದ್ದರು. ನಮ್ಮ ಮನೆ ಮುಂದಿನ ಹೊಂಗೆ ಮರದ ನೆರಳಲ್ಲಿ, ಐದು ದಿನ. ವೈರು ಗಿಡ್ಡವಾದರೆ ತುಂಡು ಸೇರಿಸಿ ಟೇಪು ಸುತ್ತುತ್ತಿರಲಿಲ್ಲ. ಪೂರ್ತಿ ತೆಗೆದು ಹೊಸದನ್ನೇ ಎಳೆಯುತ್ತಿದ್ದರು. ಯಾರನ್ನೂ ಸುಲಭಕ್ಕೆ ಹೊಗಳದ ಅಪ್ಪ, ಬೆಳಗಿನ ವಾಕಿಂಗ್ ಗೆಳೆಯರನ್ನೆಲ್ಲ ಕರೆತಂದು ಆ ಕೆಲಸ ತೋರಿಸಿದರು. ಗೆಳೆಯರ ಹಳೇ ಕಾರುಗಳೂ ಆ ಅಂಗಡಿಗೇ ಹೋಗತೊಡಗಿದವು.

ಮರುವರ್ಷ ಅಪ್ಪನಿಗೆ ಮರೆವು ಶುರುವಾಯಿತು. ಒಂದು ಮಧ್ಯಾಹ್ನ ಬ್ಯಾಂಕಿಗೆಂದು ಕಾರಿನಲ್ಲಿ ಹೊರಟವರು ಸಂಜೆ ವಸಂತಪುರದ ರಸ್ತೆ ಬದಿಯಲ್ಲಿ ಸಿಕ್ಕರು. ಮನೆಯ ದಾರಿ ಗೊತ್ತಿರಲಿಲ್ಲ. ಕೀ ಬಚ್ಚಿಟ್ಟೆ. "ನಾನೇನು ಕೆಲಸಕ್ಕೆ ಬಾರದವನಾಗ್ಬಿಟ್ನಾ?" ಎಂದು ಅಪ್ಪ ಅತ್ತೇಬಿಟ್ಟರು. ಅದನ್ನು ನೋಡಲಾರದೆ ಎಲೆಕ್ಟ್ರಿಷಿಯನ್ ಹತ್ತಿರ ಓಡಿದೆ. ಅಪ್ಪ ಮಲಗಿದ್ದಾಗ ಅವರು ಬಂದು ಡ್ರೈವರ್ ಸೀಟಿನ ಕೆಳಗೆ ಒಂದು ಪುಟ್ಟ ಸ್ವಿಚ್ಚು ಕೂರಿಸಿದರು. ಅದು ಆಫ್ ಆಗಿದ್ದರೆ ಕೀ ತಿರುಗಿಸಿದರೂ ಕಾರು ಸ್ಟಾರ್ಟ್ ಆಗುತ್ತಿರಲಿಲ್ಲ. ಕೀಯನ್ನು ಅಪ್ಪನ ಕೈಗೇ ವಾಪಸ್ ಕೊಟ್ಟೆ. ಇನ್ನು ತಪ್ಪು ಕಾರಿನದು, ಅಪ್ಪನದಲ್ಲ. ನನಗೆ ಅಷ್ಟೇ ಬೇಕಿತ್ತು.

ಆದರೆ ಅಪ್ಪ ಕಾರನ್ನು ಬೈಯಲಿಲ್ಲ, ವೈರಿಂಗ್ ಮಾಡಿದವರನ್ನು ಬೈದರು. ವಾರವಾರವೂ ಕರೆಸಿದರು. ಎಲೆಕ್ಟ್ರಿಷಿಯನ್ ಬಂದು, ಸರಿಯಾಗಿಯೇ ಇದ್ದ ವೈರುಗಳನ್ನು ಅರ್ಧ ಗಂಟೆ ಮುಟ್ಟಿ ನೋಡಿ, "ಇನ್ನೊಂದು ಪಾರ್ಟ್ ಬರ್ಬೇಕು ಸಾರ್" ಅನ್ನುತ್ತಿದ್ದರು.

"ಕೆಲಸ ಬರ್ದೇ ಇರೋನು ಯಾಕಯ್ಯಾ ಅಂಗಡಿ ಇಟ್ಕೊಂಡಿದೀಯ?" ಎಂದು ಅಪ್ಪ ಬೀದಿಗೆಲ್ಲ ಕೇಳುವಂತೆ ಕೂಗುತ್ತಿದ್ದರು. ಅವರು ತಲೆ ತಗ್ಗಿಸಿ ಕೈ ಒರೆಸಿಕೊಳ್ಳುತ್ತ ನಿಂತಿರುತ್ತಿದ್ದರು.

ವಾಕಿಂಗ್ ಗೆಳೆಯರ ಕಿವಿಗೂ ಅದು ಬಿತ್ತು. ಒಬ್ಬೊಬ್ಬರಾಗಿ ತಮ್ಮ ಕಾರುಗಳನ್ನು ಬೇರೆ ಕಡೆ ಒಯ್ದರು. ನನಗೆ ಗೊತ್ತಿತ್ತು. ನಿಜ ಹೇಳಿದರೆ ಅಪ್ಪನ ಮರೆವು ಬಯಲಾಗುತ್ತದೆಂದು ಬಾಯಿ ಮುಚ್ಚಿಕೊಂಡಿದ್ದೆ. ಅಪ್ಪನ ಮಾನ ಉಳಿಸಲು ಇನ್ನೊಬ್ಬರ ಮಾನ ಕಳೆದೆ. ಇದನ್ನು ಮೆತ್ತಗೆ ಹೇಳಲು ನನಗೆ ಬರುವುದಿಲ್ಲ.

ಒಮ್ಮೆ ಗೇಟಿನ ಹತ್ತಿರ ನಿಂತು ಎಲೆಕ್ಟ್ರಿಷಿಯನ್ ಹೇಳಿದ್ದರು: "ಸಾರ್ ಬೈದ್ರೆ ಬೇಜಾರಿಲ್ಲ ಮೇಡಂ, ನಮ್ಮಪ್ಪನ ವಯಸ್ಸಿನವ್ರು. ಆದ್ರೆ ಯಾವತ್ತಾದ್ರೂ ಒಂದಿನ ಅವ್ರ ಫ್ರೆಂಡ್ಸ್‌ಗೆ ಹೇಳ್ಬಿಡಿ, ವೈರಿಂಗ್ ಸರಿಯಾಗೇ ಇತ್ತು ಅಂತ."

"ಖಂಡಿತ ಹೇಳ್ತೀನಿ" ಅಂದೆ.

ಅಪ್ಪ ತೀರಿಕೊಂಡ ದಿನ ಆ ಗೆಳೆಯರೆಲ್ಲ ನಮ್ಮ ಮನೆಯಲ್ಲಿದ್ದರು. ಎಲೆಕ್ಟ್ರಿಷಿಯನ್ ಕೂಡ ಬಂದು ಕಾರಿನ ಪಕ್ಕ ನಿಂತಿದ್ದರು. ಒಂದು ಸಲ ನನ್ನ ಮುಖ ನೋಡಿದರು. ಇವತ್ತು ಬೇಡ, ಹದಿಮೂರು ದಿನ ಕಳೆಯಲಿ ಅಂದುಕೊಂಡೆ. ಆಮೇಲೆ ಇನ್ನೊಂದು ದಿನ... ತಪ್ಪು ಒಪ್ಪಿಕೊಳ್ಳಿ ಎಂದು ಶಾಲೆಯಲ್ಲಿ ಮಕ್ಕಳಿಗೆ ಮೂವತ್ತು ವರ್ಷ ಪಾಠ ಹೇಳಿದವಳು ನಾನು! ವರ್ಷದ ಮೇಲೆ ಸುದ್ದಗುಂಟೆಪಾಳ್ಯಕ್ಕೆ ಹೋದಾಗ ಆ ಅಂಗಡಿಯಲ್ಲಿ ಯಾರೋ ಮೊಬೈಲ್ ಕವರ್ ಮಾರುತ್ತಿದ್ದರು. ಎಲೆಕ್ಟ್ರಿಷಿಯನ್ ತೀರಿಕೊಂಡು ಆರು ತಿಂಗಳಾಗಿತ್ತು.

ನಿನ್ನೆ ಗಿರಿನಗರದ ಮೆಕ್ಯಾನಿಕ್ ಹಳೇ ವೈರುಗಳನ್ನೆಲ್ಲ ಎಳೆದು ಅದೇ ಹೊಂಗೆ ಮರದ ಕೆಳಗೆ ಹಾಸಿದ. ಇಲಿ ಕಡಿದ ಜಾಗ ಬಿಟ್ಟರೆ ಎಲ್ಲೂ ಒಂದು ತೇಪೆಯೂ ಇರಲಿಲ್ಲ.

"ಯಾರ್ ಮೇಡಂ ಇದನ್ನ ಮಾಡಿದ್ದು? ಸಖತ್ ಕೆಲಸ. ಈಗ ಯಾರೂ ಹಿಂಗ್ ಮಾಡಲ್ಲ" ಅಂದ. ಆಮೇಲೆ ಸೀಟಿನ ಕೆಳಗೆ ಕೈ ಹಾಕಿ, "ಇಲ್ಲೊಂದು ಸ್ವಿಚ್ ಯಾಕಿದೆ?" ಎಂದು ಕೇಳಿದ.

ಎಲ್ಲವನ್ನೂ ಹೇಳಿದೆ. ಅಪ್ಪನ ಗೆಳೆಯರಲ್ಲಿ ಈಗ ಯಾರೂ ಉಳಿದಿಲ್ಲ. ಆದರೂ ಕೊನೆಗೆ, ಅಪ್ಪ ಕೂಗುತ್ತಿದ್ದಷ್ಟೇ ಗಟ್ಟಿಯಾಗಿ, "ವೈರಿಂಗ್ ಸರಿಯಾಗೇ ಇತ್ತು" ಅಂದೆ.

ಬೀದಿಯಲ್ಲಿ ಯಾರೂ ಇರಲಿಲ್ಲ.